ಕಾರಂಜಿಯ ಪಕ್ಕದ ಮರಿಯಮ್ಮ: ವಾನ್ ಐಕ್ ಚಿತ್ರವೊಂದರ ಪ್ರತಿ, ಹಲಗೆಯಿಂದ ವಾರ್ನಿಷ್‌ವರೆಗೆ

ಬೆಲ್ಜಿಯಂನ ಆಂಟ್ವರ್ಪ್ ನಗರದ ರಾಯಲ್ ಲಲಿತಕಲಾ ಮ್ಯೂಸಿಯಂನಲ್ಲಿ ಹದಿನೈದನೆಯ ಶತಮಾನದ ಚಿತ್ರಕಾರ ಯಾನ್ ವಾನ್ ಐಕ್ 1439ರಲ್ಲಿ ಬರೆದ ‘ಕಾರಂಜಿಯ ಪಕ್ಕದ ಮರಿಯಮ್ಮ’ ಇದೆ. ಅಳತೆ ಬರೀ 19 × 12.2 ಸೆಂ.ಮೀ. ಚೌಕಟ್ಟು ಸೇರಿದರೂ ಸುಮಾರು 25 × 18. ನೀಲಿ ಮೇಲಂಗಿ ಹೊದ್ದ ಮರಿಯಮ್ಮ ಬಾಲಯೇಸುವನ್ನು ಎತ್ತಿಕೊಂಡು ನಿಂತಿದ್ದಾಳೆ. ಹಿಂದೆ ಇಬ್ಬರು ದೇವದೂತರು ಜರಿಬಟ್ಟೆಯನ್ನು ಹಿಡಿದಿದ್ದಾರೆ, ಅದೇ ಬಟ್ಟೆ ಇಳಿದು ಬಂದು ಅವಳ ಕಾಲ ಕೆಳಗೆ ಹಾಸಿದೆ. ಪಕ್ಕದಲ್ಲಿ ಹಿತ್ತಾಳೆಯ ಕಾರಂಜಿ, ಅದರ ತುದಿಯಲ್ಲಿ ಪುಟ್ಟ ಸಿಂಹ. ಸುತ್ತ ಹುಲ್ಲು, ಗುಲಾಬಿ. ಫ್ಲೆಮಿಶ್ (ಇಂದಿನ ಬೆಲ್ಜಿಯಂ ಭಾಗದ) ಧಾರ್ಮಿಕ ಚಿತ್ರಗಳನ್ನು ಕೈಯಿಂದ ಪ್ರತಿ ಮಾಡುವವರಿಗೆ ಎದುರಾಗುವ ಕಷ್ಟಗಳೆಲ್ಲ ಈ ಪುಟ್ಟ ಹಲಗೆಯಲ್ಲೇ ಸಿಗುತ್ತವೆ: ಆಳವಾದ ನೀಲಿ, ಬಂಗಾರವಿಲ್ಲದೆ ಬಂಗಾರ, ತಾಮ್ರದ ಹಸಿರು, ಲೋಹದ ಹೊಳಪು, ಎರಡು ಸೆಂ.ಮೀ. ಒಳಗಿನ ಮುಖ. ಚಿತ್ರ ಚಿಕ್ಕದಾದ್ದರಿಂದ ಅಸಲಿ ಲಾಜವರ್ದವನ್ನೂ (ನೀಲಿ ಕಲ್ಲಿನ ಪುಡಿ) ಕೊಳ್ಳಬಹುದು, ಎರಡು ಗ್ರಾಂ ಸಾಕು.

ಈ ಶೈಲಿಯ ಬಗ್ಗೆ ಒಂದು ತಪ್ಪು ತಿಳಿವಳಿಕೆ ಬಲವಾಗಿ ಬೇರೂರಿದೆ: ಮೂವತ್ತು, ನಲವತ್ತು ಪದರ ಗ್ಲೇಜ್ (ಕೆಳಗಿನದು ಕಾಣುವಂತೆ ಎಣ್ಣೆಯಲ್ಲಿ ತೆಳುವಾಗಿಸಿದ ಬಣ್ಣ) ಹಾಕಿದರೆ ಮಾತ್ರ ಆ ಆಳ ಬರುತ್ತದೆ ಎಂಬುದು. ಹದಿನೈದನೆಯ ಶತಮಾನದ ಫ್ಲೆಮಿಶ್ ಚಿತ್ರಗಳ ಬಣ್ಣದ ಚೂರನ್ನು ಅಡ್ಡಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕಾಣುವುದು ಹೆಚ್ಚಿನ ಕಡೆ ಎರಡರಿಂದ ನಾಲ್ಕು ಪದರ. ಬೆಳಕು ಬರುವುದು ತಳದ ಬಿಳಿ ಲೇಪದಿಂದ. ಬಣ್ಣದ ಮೂಲಕ ಒಳಹೊಕ್ಕ ಬೆಳಕು ಆ ಬಿಳಿಗೆ ಬಡಿದು ಮತ್ತೆ ಬಣ್ಣದ ಮೂಲಕವೇ ಹೊರಬರಬೇಕು. ಆ ಬಿಳಿಯನ್ನು ಎಲ್ಲಿ ಮುಚ್ಚಬೇಕು, ಎಲ್ಲಿ ಬಿಡಬೇಕು ಎಂಬ ಲೆಕ್ಕವೇ ಮುಂದಿನ ಕೆಲಸವೆಲ್ಲ.

ಆಕರ

ಪುಸ್ತಕದ ಮುದ್ರಣವನ್ನು ನಂಬಿ ಬಣ್ಣ ಹೊಂದಿಸಬೇಡಿ. ಬ್ರಸೆಲ್ಸ್‌ನ ಕಲಾ ಪರಂಪರೆಯ ಸಂಸ್ಥೆ ಕಿಕ್-ಇರ್ಪಾ ವಾನ್ ಐಕ್ ಚಿತ್ರಗಳ ಬಲು ದೊಡ್ಡ ಗಾತ್ರದ ಫೋಟೊಗಳನ್ನು ‘ಕ್ಲೋಸರ್ ಟು ವ್ಯಾನ್ ಐಕ್’ ತಾಣದಲ್ಲಿ ಉಚಿತವಾಗಿ ಇಟ್ಟಿದೆ, ಇನ್‌ಫ್ರಾರೆಡ್ ಚಿತ್ರಗಳೂ ಅಲ್ಲಿವೆ. ಒಂದು ಪ್ರಿಂಟ್ ಅಸಲಿ ಅಳತೆಯಲ್ಲಿ, ಇನ್ನೊಂದು ನಾಲ್ಕು ಪಟ್ಟು ದೊಡ್ಡದಾಗಿ ಮ್ಯಾಟ್ ಕಾಗದದ ಮೇಲೆ ತೆಗೆಸಿ. ಅಂಗಡಿಯವರು ‘ಫಿಟ್ ಟು ಪೇಜ್’ ಒತ್ತಿರುತ್ತಾರೆ, ಆದ್ದರಿಂದ ಪ್ರಿಂಟ್ ಕೈಗೆ ಬಂದ ಕೂಡಲೇ ಸ್ಕೇಲ್ ಇಟ್ಟು 19 ಸೆಂ.ಮೀ. ಇದೆಯೇ ನೋಡಿ. ಎರಡು ಮಿ.ಮೀ. ಕಡಿಮೆಯಾದರೂ ಮುಖದಲ್ಲಿ ಗೊತ್ತಾಗುತ್ತದೆ.

ಇದೇ ಮ್ಯೂಸಿಯಂನಲ್ಲಿ ವಾನ್ ಐಕ್‌ನ 1437ರ ‘ಸಂತ ಬಾರ್ಬರಾ’ ಕೂಡ ಇದೆ. ಎರಡೂ ಬಂದದ್ದು ಆ ಊರಿನ ಮೇಯರ್ ಆಗಿದ್ದ ಫ್ಲೋರೆಂಟ್ ವಾನ್ ಎರ್ಟ್‌ಬೋರ್ನ್ 1841ರಲ್ಲಿ ಬಿಟ್ಟುಹೋದ ಸಂಗ್ರಹದಿಂದ. ಬಾರ್ಬರಾ ಬಹುಪಾಲು ರೇಖೆಯಲ್ಲೇ ನಿಂತಿದೆ, ಬಣ್ಣ ಇರುವುದು ಮುಖ್ಯವಾಗಿ ಆಕಾಶದಲ್ಲಿ. ಬಿಳಿ ಲೇಪದ ಮೇಲೆ ಕುಂಚದ ಗೆರೆ ಎಷ್ಟು ತೆಳು, ನೆರಳಿಗೆ ಓರೆಗೆರೆ ಎಷ್ಟು ಒತ್ತಾಗಿ ಹಾಕಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಸಿಗದು. ಕೆಲಸದ ಮೇಜಿನ ಮುಂದೆ ಇದರ ಪ್ರಿಂಟನ್ನೂ ಅಂಟಿಸಿಕೊಳ್ಳಿ.

ಹಲಗೆ

ಆ ಕಾಲದವರು ಬಳಸಿದ್ದು ಬಾಲ್ಟಿಕ್ ತೀರದಿಂದ ಬರುತ್ತಿದ್ದ ಓಕ್, ಅದೂ ದಿಂಬಿಯ ನಡುವಿನಿಂದ ಹೊರಕ್ಕೆ ಕಿರಣದ ದಿಕ್ಕಿನಲ್ಲಿ ಕೊಯ್ದದ್ದು. ಹಾಗೆ ಕೊಯ್ದ ಹಲಗೆ ಬಾಗುವುದು ಕಡಿಮೆ. ನಮ್ಮ ಟಿಂಬರ್ ಅಂಗಡಿಗಳಲ್ಲಿ ಪೀಠೋಪಕರಣಕ್ಕೆಂದು ಆಮದಾದ ವೈಟ್ ಓಕ್ ಸಿಗುತ್ತದೆ. ‘ಕ್ವಾರ್ಟರ್ ಸಾನ್’ ಎಂದು ಕೇಳಿ, ತುದಿಯಲ್ಲಿ ವಾರ್ಷಿಕ ಉಂಗುರಗಳು ಹಲಗೆಯ ಮುಖಕ್ಕೆ ನೇರ ನಿಂತಿವೆಯೇ ನೋಡಿ. ಓಕ್ ಸಿಗದಿದ್ದರೆ ಮಹಾಗನಿ ಆದೀತು. ತೇಗ ಬೇಡ, ಅದರೊಳಗಿನ ಎಣ್ಣೆ ಅಂಟನ್ನು ಹಿಡಿಯಗೊಡದು. ಸ್ಟೀಮ್ ಬೀಚ್ ಅಗ್ಗ, ಆದರೆ ಹವೆ ಬದಲಾದ ಹಾಗೆ ಹಿಗ್ಗಿ ಕುಗ್ಗುತ್ತದೆ.

20.4 × 13.6 ಸೆಂ.ಮೀ., 9 ಮಿ.ಮೀ. ದಪ್ಪದ ತುಂಡು ತಯಾರಿಸಿ. ಸುತ್ತ ಏಳು ಮಿ.ಮೀ. ಬರಿ ಮರ ಬಿಟ್ಟರೆ ಚೌಕಟ್ಟಿನಲ್ಲಿ ಹಲಗೆ ಕೂರುವ ತೋಡಿಗೆ ಸರಿಹೋಗುತ್ತದೆ. ಕೀಸುಳಿ ಹೊಡೆದ ಮೇಲೆ 180 ನಂಬರಿನ ಸ್ಯಾಂಡ್‌ ಪೇಪರಿನಿಂದ ಉಜ್ಜಿ ನಿಲ್ಲಿಸಿ. ಇನ್ನೂ ನುಣುಪು ಮಾಡಿದರೆ ಅಂಟಿಗೆ ಹಿಡಿತ ಸಿಗದು. ಆಮೇಲೆ ಎರಡು ವಾರ ಕೆಲಸದ ಕೋಣೆಯಲ್ಲೇ, ಎರಡೂ ಬದಿಗೆ ಗಾಳಿಯಾಡುವಂತೆ ನಿಲ್ಲಿಸಿಡಿ. ಬಾಗುವುದಿದ್ದರೆ ಈಗಲೇ ಬಾಗಲಿ.

ಅಂಟು ಮತ್ತು ಬಿಳಿ ಲೇಪ

ಉತ್ತರ ಯುರೋಪಿನವರ ಲೇಪ ಸೀಮೆಸುಣ್ಣ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಇಟಲಿಯವರದು ಜಿಪ್ಸಂ. ಶಾಲೆಯ ಬಳಪ ಹೆಚ್ಚಾಗಿ ಜಿಪ್ಸಂನದೇ, ಅದನ್ನು ಕುಟ್ಟಿ ಹಾಕಬೇಡಿ. ಬಣ್ಣದ ಅಂಗಡಿಯ ಚಾಕ್ ಪೌಡರ್ ನಡೆಯುತ್ತದೆ, ಆದರೆ ಅದರಲ್ಲಿ ಮರಳಿರುತ್ತದೆ. ನೀರಿನಲ್ಲಿ ಕದಡಿ, ಅರ್ಧ ನಿಮಿಷ ಬಿಟ್ಟು ಮೇಲಿನ ಹಾಲನ್ನು ಬೇರೆ ಪಾತ್ರೆಗೆ ಬಗ್ಗಿಸಿ ಒಣಗಿಸಿದರೆ ಮರಳು ತಳದಲ್ಲಿ ಉಳಿಯುತ್ತದೆ.

ಅಂಟಿಗೆ ಮೊಲದ ಚರ್ಮದ ಗ್ಲೂ ಅಥವಾ ಶುದ್ಧ ಚರ್ಮದ ಸರೇಸು. ಬಡಗಿಯವರು ವಜ್ರ ಎನ್ನುವ ಕಂದು ಅಂಟು ತುಂಬ ಬಿರುಸು, ಬಣ್ಣವೂ ಕೊಳಕು. 100 ಮಿ.ಲೀ. ನೀರಿಗೆ 7 ಗ್ರಾಂ ಅಂಟು ಹಾಕಿ ರಾತ್ರಿಯಿಡೀ ನೆನೆಸಿ, ಬಿಸಿನೀರಿನ ಪಾತ್ರೆಯೊಳಗಿಟ್ಟು 60 ಡಿಗ್ರಿ ದಾಟದಂತೆ ಕರಗಿಸಿ. ಕುದಿಸಿದರೆ ಅಂಟಿನ ಶಕ್ತಿಯೇ ಹೋಗುತ್ತದೆ. ಮೊದಲು ಈ ಬರಿ ಅಂಟನ್ನು ಹಲಗೆಯ ಎರಡೂ ಮುಖಕ್ಕೆ, ಅಂಚುಗಳಿಗೆ ಹಚ್ಚಿ ಒಂದು ದಿನ ಒಣಗಿಸಿ.

ಮರುದಿನ ಹೊಸದಾಗಿ ಕರಗಿಸಿದ 100 ಮಿ.ಲೀ. ಅಂಟಿಗೆ ಚಾಕ್ ಪುಡಿಯನ್ನು ಜರಡಿಯಿಂದ ಉದುರಿಸುತ್ತ ಹೋಗಿ. ಕದಡಬೇಡಿ, ತಾನಾಗಿ ಮುಳುಗಲಿ. ಪುಡಿಯ ಗುಡ್ಡೆ ಅಂಟಿನ ಮೇಲ್ಮೈಯಿಂದ ಹೊರಗೆ ಕಾಣಿಸಿದಾಗ ನಿಲ್ಲಿಸಿ, ಸುಮಾರು 130ರಿಂದ 150 ಗ್ರಾಂ ಹಿಡಿಯುತ್ತದೆ. ಹತ್ತು ನಿಮಿಷ ಬಿಟ್ಟು ಮೆಲ್ಲಗೆ ತಿರುವಿ, ನೈಲಾನ್ ಬಟ್ಟೆಯಲ್ಲಿ ಸೋಸಿ. ಜೋರಾಗಿ ಕಲಸಿದರೆ ಗಾಳಿಗುಳ್ಳೆ ಸೇರುತ್ತದೆ. ಪ್ರತಿ ಗುಳ್ಳೆಯೂ ಒಣಗಿದ ಮೇಲೆ ಸೂಜಿಮೊನೆಯ ತೂತಾಗಿ, ಗ್ಲೇಜ್ ಹಾಕಿದಾಗ ಕಪ್ಪು ಚುಕ್ಕೆಯಾಗಿ ಕಾಣುತ್ತದೆ.

ಮೊದಲ ಕೋಟ್ ತೆಳ್ಳಗೆ, ಅಂಗೈಯಿಂದ ಉಜ್ಜಿ ಮರದ ರಂಧ್ರಗಳಿಗೆ ಹತ್ತಿಸಿ. ನಂತರದ ಏಳು ಕೋಟ್ ಚಪ್ಪಟೆ ಕುಂಚದಿಂದ, ಒಂದು ಉದ್ದಕ್ಕೆ, ಮುಂದಿನದು ಅಡ್ಡಕ್ಕೆ. ಹಿಂದಿನ ಕೋಟಿನ ಹಸಿ ಹೊಳಪು ಮಾಯವಾದ ಕೂಡಲೇ ಮುಂದಿನದು. ನಡುವೆ ರಾತ್ರಿ ಕಳೆಯುವಂತಾದರೆ ಪದರಗಳು ಸರಿಯಾಗಿ ಬೆಸೆಯುವುದಿಲ್ಲ, ಆದ್ದರಿಂದ ಬೆಳಿಗ್ಗೆಯೇ ಶುರುಮಾಡಿ ಅಂದೇ ಮುಗಿಸಿ. ಹಲಗೆಯ ಹಿಂಬದಿಗೂ ಎರಡು ಕೋಟ್ ಬೇಕು. ಒಂದೇ ಮುಖಕ್ಕೆ ಹಚ್ಚಿದರೆ ಲೇಪ ಒಣಗುವಾಗ ಹಲಗೆಯನ್ನು ತನ್ನತ್ತ ಎಳೆಯುತ್ತದೆ.

ಇಲ್ಲಿ ಕೆಡುವುದು ಎರಡು ರೀತಿ. ಲೇಪ ಒಣಗಿದ ಕೆರೆಯಂಗಳದ ಹಾಗೆ ಬಿರುಕು ಬಿಟ್ಟರೆ ಮೇಲಿನ ಕೋಟಿನ ಅಂಟು ಕೆಳಗಿನದಕ್ಕಿಂತ ಬಲವಾಗಿದೆ ಎಂದರ್ಥ. ಪಾತ್ರೆ ಬಿಸಿಯಲ್ಲೇ ಇರುವುದರಿಂದ ನೀರು ಆವಿಯಾಗಿ ಅಂಟು ತಾನೇ ಗಟ್ಟಿಯಾಗುತ್ತ ಹೋಗುತ್ತದೆ, ಎರಡು ಕೋಟಿಗೊಮ್ಮೆ ಒಂದು ಚಮಚ ಬಿಸಿನೀರು ಸೇರಿಸಿ. ಬೆರಳಿನಿಂದ ಉಜ್ಜಿದರೆ ಪುಡಿ ಹತ್ತಿಕೊಂಡರೆ ಅಂಟು ಕಡಿಮೆ. ಎರಡಕ್ಕೂ ತೇಪೆ ಹಾಕುವ ಯೋಚನೆ ಬೇಡ. ಒದ್ದೆ ಬಟ್ಟೆ ಹೊದಿಸಿಟ್ಟು ಪೂರ್ತಿ ಕೆರೆದು ಮೊದಲಿಂದ ಮಾಡಿ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಈ ಹಂತವನ್ನು ಕೈಗೆತ್ತಿಕೊಳ್ಳದಿರುವುದೇ ಮೇಲು. ಲೇಪ ಒಣಗುವ ಮೊದಲೇ ಬೂಸ್ಟು ಬರುತ್ತದೆ.

ಮೂರು ದಿನ ಒಣಗಿದ ಮೇಲೆ 320, ಆಮೇಲೆ 600 ನಂಬರಿನ ಪೇಪರನ್ನು ಮರದ ತುಂಡಿಗೆ ಸುತ್ತಿ ಉಜ್ಜಿ. ಕೊನೆಗೆ ಒದ್ದೆ ಮಾಡಿ ಚೆನ್ನಾಗಿ ಹಿಂಡಿದ ಹಳೆಯ ಹತ್ತಿಬಟ್ಟೆಯಿಂದ ಸುತ್ತುಸುತ್ತಾಗಿ ಒರೆಸಿದರೆ ಮೇಲ್ಮೈ ನುಣ್ಣಗಾಗುತ್ತದೆ. ದೀಪವನ್ನು ಪಕ್ಕದಿಂದ ಹಿಡಿದು ನೋಡಿ, ಗೀರು ಕಂಡರೆ ಮತ್ತೆ ಒರೆಸಿ. ಇಷ್ಟು ಚಿಕ್ಕ ಚಿತ್ರದಲ್ಲಿ ಒಂದು ಗೀರು ಕೆನ್ನೆಯ ಮೇಲೆ ಬಿದ್ದರೆ ಮುಗಿಯಿತು.

ರೇಖೆ ಇಳಿಸುವುದು

ಆ ಕಾಲದ ಕಾರ್ಯಾಗಾರಗಳೇ ಪ್ರತಿ ಮಾಡುತ್ತಿದ್ದವು. ಈಗ ಫ್ರಾನ್ಸಿನಲ್ಲಿರುವ ಕಾಂಬ್ರೆ ಊರಿನ ಕೆಥೆಡ್ರಲ್‌ನಲ್ಲಿದ್ದ ಮರಿಯಮ್ಮನ ಚಿತ್ರಕ್ಕೆ 1454ರಲ್ಲಿ ಚಿತ್ರಕಾರ ಪೆಟ್ರುಸ್ ಕ್ರಿಸ್ಟುಸ್‌ಗೆ ಮೂರು ಪ್ರತಿಗಳ ಕೆಲಸ ಸಿಕ್ಕಿತ್ತು. ಮರುವರ್ಷ ಬ್ರಸೆಲ್ಸ್‌ನ ಹೈನ್ ಎಂಬ ಚಿತ್ರಕಾರನಿಗೆ ಹನ್ನೆರಡು. ಒಂದೇ ನಕ್ಷೆಯನ್ನು ಮತ್ತೆ ಮತ್ತೆ ಇಳಿಸಲು ಬಳಸುತ್ತಿದ್ದ ಒಂದು ವಿಧಾನ ಸರಳ: ಕಾಗದದ ಮೇಲಿನ ಗೆರೆಯುದ್ದಕ್ಕೂ ಸೂಜಿಯಿಂದ ಚುಚ್ಚಿ, ತೆಳು ಬಟ್ಟೆಯ ಗಂಟಿನಲ್ಲಿ ಇದ್ದಿಲು ಪುಡಿ ತುಂಬಿ ಮೇಲೆ ತಟ್ಟುವುದು. ದೊಡ್ಡ ಚಿತ್ರಕ್ಕೆ ಇದು ಸರಿ. 19 ಸೆಂ.ಮೀ. ಚಿತ್ರದಲ್ಲಿ ಮಾತ್ರ ಚುಕ್ಕೆಗಳೇ ಮುಖವನ್ನು ತುಂಬಿಬಿಡುತ್ತವೆ. ಟ್ರೇಸಿಂಗ್ ಕಾಗದದ ಹಿಂಬದಿಗೆ ಕೆಮ್ಮಣ್ಣಿನ ಒಣ ಪುಡಿ ಉಜ್ಜಿ, ಗಟ್ಟಿ ಮೊನೆಯಿಂದ ಮೆಲ್ಲಗೆ ಗೆರೆ ತೀಡಿ. ಅಂಗಡಿಯ ಕಾರ್ಬನ್ ಪೇಪರ್ ಬೇಡ, ಅದರ ಮೇಣ ಮುಂದೆ ಬಣ್ಣದ ಮೂಲಕ ಎದ್ದು ಬರುತ್ತದೆ.

ಇಳಿದ ಕೆಂಪು ಗೆರೆಯ ಮೇಲೆ ಮೂಳೆಗಪ್ಪನ್ನು ತೆಳು ಗೋಂದಿನ ನೀರಿನಲ್ಲಿ ಕಲಸಿ 00 ಕುಂಚದಿಂದ ತಿದ್ದಿ. ಹೊರಗೆರೆಗಿಂತ ಮುಖ್ಯ ನೆರಳಿನ ಓರೆಗೆರೆಗಳು. ಮೇಲಂಗಿಯ ಮಡಿಕೆಗಳ ಒಳಭಾಗದಲ್ಲಿ ಒಂದೇ ದಿಕ್ಕಿನ ಸಣ್ಣ ಗೆರೆಗಳನ್ನು ಒತ್ತಾಗಿ ಹಾಕಿ, ಮುಖದಲ್ಲಿ ಮಾತ್ರ ಕೈ ಬಿಗಿಹಿಡಿಯಿರಿ. ಸೀಸದ ಬಿಳಿ ವರ್ಷಗಳು ಕಳೆದ ಹಾಗೆ ಪಾರದರ್ಶಕವಾಗುತ್ತ ಹೋಗುತ್ತದೆ, ಇಂದು ಅಡಗಿದ ದಪ್ಪ ಗೆರೆ ಮುಂದೆ ಮೂಗಿನ ಪಕ್ಕ ಮೀಸೆಯಾಗಿ ಮೂಡುತ್ತದೆ.

ಈಗ ಲೇಪದ ಬಾಯಿ ಮುಚ್ಚಬೇಕು. ಬರಿ ಸೀಮೆಸುಣ್ಣ ಎಣ್ಣೆ ಕುಡಿದರೆ ಬಿಳಿ ಹೋಗಿ ಹಳದಿಗಟ್ಟಿದ ಬೂದು ಆಗುತ್ತದೆ, ಮೇಲಿನ ಬಣ್ಣ ಹೊಳಪಿಲ್ಲದೆ ಸಾಯುತ್ತದೆ. ಮೊದಲು 100 ಮಿ.ಲೀ. ನೀರಿಗೆ 2 ಗ್ರಾಂ ಅಂಟಿನ ತೆಳು ದ್ರಾವಣವನ್ನು ಅಗಲ ಕುಂಚದಿಂದ ಒಂದೇ ಎಳೆತಕ್ಕೆ ಹಚ್ಚಿ. ಎರಡನೇ ಸಲ ಅದೇ ಜಾಗಕ್ಕೆ ಕುಂಚ ಹೋದರೆ ಗೆರೆ ಕದಡುತ್ತದೆ. ಅದು ಒಣಗಿದ ಮೇಲೆ ಸೀಸದ ಬಿಳಿಗೆ ಚಿಟಿಕೆ ಕಪ್ಪು ಬೆರೆಸಿ, ಅಗಸೆ ಎಣ್ಣೆಯಲ್ಲಿ ತೆಳ್ಳಗೆ ಮಾಡಿ, ಇಡೀ ಹಲಗೆಗೆ ಹಚ್ಚಿ, ಕೂಡಲೇ ಬಟ್ಟೆಯಿಂದ ಒರೆಸಿ ತೆಗೆಯಿರಿ. ಗೆರೆಗಳು ಸ್ಪಷ್ಟವಾಗಿ ಕಾಣುತ್ತಿರಬೇಕು. ಒಂದು ವಾರ ಮುಟ್ಟಬೇಡಿ.

ಬಣ್ಣ, ಎಣ್ಣೆ, ವಿಷ

ಬೇಕಾದದ್ದು: ಟ್ಯೂಬಿನ ಸೀಸದ ಬಿಳಿ ಸುಮಾರು 15 ಗ್ರಾಂ, ಅಜುರೈಟ್ (ತಾಮ್ರದ ನೀಲಿ ಖನಿಜ) 3, ಲಾಜವರ್ದ 2, ಇಂಗಳೀಕ (ಪಾದರಸದ ಕೆಂಪು) 2, ಮಂಜಿಷ್ಠದ ಲೇಕ್ (ಬೇರಿನ ರಸದಿಂದ ಮಾಡಿದ ಕೆಂಪು ಪುಡಿ) 2, ಸೀಸ-ತವರದ ಹಳದಿ 3 (ಒಂದನೇ ಬಗೆಯದು, ಸಿಲಿಕಾ ಇಲ್ಲದ್ದು), ತಾಮ್ರದ ಕಿಲುಬಿನ ಹಸಿರು 2, ಹಳದಿ ಮಣ್ಣು, ಕಂದು ಮಣ್ಣು, ಮೂಳೆಗಪ್ಪು ಅಷ್ಟಿಷ್ಟು.

ಇದರಲ್ಲಿ ಸೀಸದ ಎರಡು, ಪಾದರಸದ ಒಂದು, ತಾಮ್ರದ ಎರಡು. ಸೀಸದ ಬಿಳಿಯನ್ನು ಪುಡಿಯಾಗಿ ಕೊಳ್ಳಲೇಬೇಡಿ. ಉಳಿದ ಪುಡಿಗಳನ್ನು ಪೊಟ್ಟಣ ಬಿಚ್ಚಿದ ಕೂಡಲೇ ಎಣ್ಣೆ ತೊಟ್ಟಿಕ್ಕಿಸಿ ಒದ್ದೆ ಮಾಡಿ. ನೈಟ್ರೈಲ್ ಕೈಗವಸು, ನುಣ್ಣನೆಯ ಧೂಳನ್ನು ತಡೆಯುವ ಎಫ್‌ಎಫ್‌ಪಿ3 ಮಾಸ್ಕ್ ಬೇಕೇಬೇಕು, ಬಟ್ಟೆಯ ಮಾಸ್ಕ್ ಯಾವ ಉಪಯೋಗಕ್ಕೂ ಇಲ್ಲ. ಒಣಗಿದ ಬಣ್ಣವನ್ನು ಉಜ್ಜಬೇಕಾದರೆ ನೀರು ಹಾಕಿಕೊಂಡೇ ಉಜ್ಜಿ. ಅಡುಗೆಮನೆಯ ಮೇಜು, ಮಕ್ಕಳಿರುವ ಕೋಣೆ ಈ ಕೆಲಸಕ್ಕಲ್ಲ. ಅಗಸೆ ಎಣ್ಣೆ ಒರೆಸಿದ ಚಿಂದಿಯನ್ನು ಮುದುರಿ ಬುಟ್ಟಿಗೆಸೆದರೆ ತಾನೇ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ. ನೀರಿನ ಡಬ್ಬಿಯಲ್ಲಿ ಮುಳುಗಿಸಿಡಿ.

ಸೀಸದ ಬಿಳಿಯ ಜಾಗಕ್ಕೆ ಟೈಟಾನಿಯಂ ಹಾಕಬಹುದೇ? ಹಾಕಬಹುದು, ಆದರೆ ಅದರ ಮುಚ್ಚುವ ಶಕ್ತಿ ಹೆಚ್ಚು, ತಳದ ಬೆಳಕನ್ನು ಕಡಿದುಹಾಕುತ್ತದೆ. ವಿಷಕ್ಕೆ ಅಂಜಿ ಅದನ್ನೇ ಆರಿಸಿದರೆ ಮೂರನೇ ಒಂದು ಪಾಲು ಚಾಕ್ ಪುಡಿ ಬೆರೆಸಿ ಬಲ ತಗ್ಗಿಸಿ. ಜಿಂಕ್ ಬಿಳಿ ಬೇಡ, ಕಾಲಕ್ರಮದಲ್ಲಿ ಪೆಡಸಾಗಿ ಪದರ ಬಿಡುತ್ತದೆ.

ಹಾರ್ಡ್‌ವೇರ್ ಅಂಗಡಿಯ ‘ಡಬಲ್ ಬಾಯಿಲ್ಡ್’ ಅಗಸೆ ಎಣ್ಣೆಯಲ್ಲಿ ಡ್ರೈಯರ್ (ಬೇಗ ಒಣಗಿಸುವ ರಾಸಾಯನಿಕ) ಸೇರಿರುತ್ತದೆ, ಬಣ್ಣವೂ ಕಂದು. ಗಾಣದಲ್ಲಿ ತಣ್ಣಗೆ ಹಿಂಡಿದ ಅಗಸೆ ಎಣ್ಣೆ ಸಿಕ್ಕರೆ ತನ್ನಿ, ವಿಟಮಿನ್ ಇ ಸೇರಿಸಿದ್ದಾಗಿರಬಾರದು, ಅದು ಒಣಗುವುದನ್ನು ತಡೆಯುತ್ತದೆ. ಸೀಸೆಯಲ್ಲಿ ಎಣ್ಣೆಗೆ ಎರಡು ಪಟ್ಟು ನೀರು ಹಾಕಿ ಕುಲುಕಿ, ಬೇರೆಯಾಗಲು ಬಿಟ್ಟು, ಕೆಳಗಿನ ಲೋಳೆನೀರನ್ನು ತೆಗೆಯಿರಿ. ಮೂರ್ನಾಲ್ಕು ಸಲ ಹೀಗೆ ತೊಳೆದರೆ ಬಣ್ಣ ತಿಳಿಯಾಗುತ್ತದೆ. ಅರ್ಧವನ್ನು ಅಗಲ ತಟ್ಟೆಯಲ್ಲಿ ಅರ್ಧ ಸೆಂ.ಮೀ. ಎತ್ತರಕ್ಕೆ ಸುರಿದು, ಗಾಳಿ ಆಡುವಷ್ಟು ಸಂದು ಬಿಟ್ಟು ಗಾಜು ಮುಚ್ಚಿ, ಬಿಸಿಲಲ್ಲಿಡಿ. ದಿನಕ್ಕೊಮ್ಮೆ ಕಲಕಿ. ಎರಡು ಮೂರು ವಾರದ ಬೇಸಿಗೆ ಬಿಸಿಲಿಗೆ ಜೇನಿನಷ್ಟು ಮಂದವಾಗುತ್ತದೆ. ಗ್ಲೇಜಿಗೆ ಇದೇ. ಕುಂಚದ ಗುರುತು ತಾನೇ ಮಟ್ಟವಾಗುವುದು ಇದರಿಂದ.

ನೀಲಿ ಮೇಲಂಗಿ

ಚಿತ್ರದ ಅರ್ಧ ಜೀವ ಇರುವುದು ಇಲ್ಲಿ. ಆ ಕಾಲದ ಕ್ರಮ: ಕೆಳಗೆ ಅಗ್ಗದ ಅಜುರೈಟ್ ಮತ್ತು ಸೀಸದ ಬಿಳಿ, ಮೇಲೆ ಲಾಜವರ್ದ. ಅಫ್ಘಾನಿಸ್ತಾನದ ಬದಕ್ಷಾನದ ಗಣಿಯಿಂದ ಬರುತ್ತಿದ್ದ ಆ ಕಲ್ಲಿನ ಬೆಲೆಯೇ ಈ ಜಿಪುಣತನಕ್ಕೆ ಕಾರಣ ಅನ್ನಿಸಬಹುದು. ಆದರೆ ಫಲಿತಾಂಶವೂ ಇದರಲ್ಲೇ ಚೆನ್ನ. ಅಜುರೈಟ್ ಕೊಂಚ ಹಸಿರಿನತ್ತ, ಲಾಜವರ್ದ ಕೊಂಚ ನೇರಳೆಯತ್ತ ವಾಲುತ್ತದೆ, ಒಂದರ ಮೇಲೊಂದು ಬಂದಾಗ ಎರಡೂ ವಾಲದ ನೀಲಿ ಸಿಗುತ್ತದೆ.

ಅಜುರೈಟನ್ನು ಗಾಜಿನ ಮೇಲೆ ಅರೆಯಬೇಡಿ. ಕಣ ಸಣ್ಣದಾದಷ್ಟೂ ಅದು ಬಿಳಚಿ ಬೂದಾಗುತ್ತದೆ. ಪ್ಯಾಲೆಟ್ ನೈಫಿನಿಂದ ಎಣ್ಣೆಯಲ್ಲಿ ಕಲಸಿದರೆ ಸಾಕು. ಮೂರು ಬಣ್ಣ ಮಾಡಿಕೊಳ್ಳಿ: ಬೆಳಕಿಗೆ ಒಂದು ಪಾಲು ಅಜುರೈಟ್, ಎರಡು ಪಾಲು ಬಿಳಿ, ನಡುವಿಗೆ ಸಮಪಾಲು, ನೆರಳಿಗೆ ಬರಿ ಅಜುರೈಟ್. ಮಡಿಕೆಗಳ ಏಣಿನಿಂದ (ಉಬ್ಬಿದ ಅಂಚಿನಿಂದ) ಒಳಕ್ಕೆ ಮೂರನ್ನೂ ಪಕ್ಕಪಕ್ಕ ಹಚ್ಚಿ, ಹಸಿಯಿರುವಾಗಲೇ ಒಣ ಮೆದು ಕುಂಚದಿಂದ ಗಡಿಗಳನ್ನು ತಟ್ಟಿ ಬೆರೆಸಿ. ಈ ಹಂತದಲ್ಲಿ ಮೇಲಂಗಿ ಬೇಕಾದ್ದಕ್ಕಿಂತ ತಿಳಿಯಾಗಿ, ಒಣಕಲಾಗಿ ಕಾಣಬೇಕು. ಈಗಲೇ ಚೆಂದ ಕಂಡರೆ ಗ್ಲೇಜ್ ಬಿದ್ದಾಗ ಕಪ್ಪಾಗುತ್ತದೆ. ಸೀಸ ಇರುವುದರಿಂದ ನಾಲ್ಕೈದು ದಿನದಲ್ಲಿ ಒಣಗುತ್ತದೆ.

ಎರಡನೇ ಪದರ ಲಾಜವರ್ದ ಮತ್ತು ಬಿಳಿ, ಬೆಳಕು ಹಾಗೂ ನಡುಭಾಗಕ್ಕೆ ಮಾತ್ರ. ಮೂರನೆಯದು ಬರಿ ಲಾಜವರ್ದದ ಗ್ಲೇಜ್, ಬಿಸಿಲಲ್ಲಿ ಮಂದವಾಗಿಸಿದ ಎಣ್ಣೆಯಲ್ಲಿ. ನೆರಳಿನ ಆಳದಲ್ಲಿ ದಪ್ಪವಾಗಿ ಹಚ್ಚಿ ನಡುಭಾಗದತ್ತ ತೆಳುಗೊಳಿಸಿ, ಏಣಿನ ಬೆಳಕಿಗೆ ಬರುವಷ್ಟರಲ್ಲಿ ಇಲ್ಲವಾಗಬೇಕು. ಇದನ್ನು ಕುಂಚಕ್ಕಿಂತ ಬೆರಳು ಚೆನ್ನಾಗಿ ಮಾಡುತ್ತದೆ: ಗ್ಲೇಜ್ ಹಚ್ಚಿದ ಮೇಲೆ ಕೈಗವಸಿನ ಬೆರಳ ತುದಿಯಿಂದ ಮೆಲ್ಲಗೆ ತಟ್ಟುತ್ತ ಹೋದರೆ ಹೆಚ್ಚಿನ ಬಣ್ಣ ಬೆರಳಿಗೆ ಬಂದು ಉಳಿದದ್ದು ಸಮನಾಗಿ ಕೂರುತ್ತದೆ. ವಾನ್ ಐಕ್‌ನೂ ಇದನ್ನೇ ಮಾಡಿದ್ದ. ಲಂಡನ್ನಿನ ನ್ಯಾಷನಲ್ ಗ್ಯಾಲರಿಯ ಆರ್ನೊಲ್ಫಿನಿ ದಂಪತಿಯ ಚಿತ್ರದಲ್ಲಿ ಹಸಿರು ಉಡುಪಿನ ಗ್ಲೇಜಿನ ಮೇಲೆ ಬೆರಳಚ್ಚು ಉಳಿದಿದೆ.

ಒಣಗಿದ ಪದರದ ಮೇಲೆ ಗ್ಲೇಜ್ ಹನಿಹನಿಯಾಗಿ ಕೂಡಿಕೊಂಡರೆ ಕತ್ತರಿಸಿದ ಬೆಳ್ಳುಳ್ಳಿ ಎಸಳಿನಿಂದ ಹಗುರವಾಗಿ ಉಜ್ಜಿ, ಒಣಗಿಸಿ ಮತ್ತೆ ಹಚ್ಚಿ. ಇದು ಹಳೆಯ ಉಪಾಯ, ಈಗಲೂ ಕೆಲಸ ಮಾಡುತ್ತದೆ. ಗ್ಲೇಜ್ ಸುಕ್ಕುಗಟ್ಟಿದರೆ ಎಣ್ಣೆ ಹೆಚ್ಚಾಗಿದೆ, ಕೆರೆದು ತೆಗೆಯದೆ ಬೇರೆ ದಾರಿಯಿಲ್ಲ. ಇಡೀ ಮೇಲಂಗಿ ಒಂದೇ ಮಟ್ಟದ ನೀಲಿಯಾಗಿ ಚಪ್ಪಟೆ ಕಂಡರೆ ಏಣುಗಳ ಮೇಲೂ ಗ್ಲೇಜ್ ಹರಿದಿದೆ. ಅದು ಹಸಿಯಿರುವಾಗಲೇ ಟರ್ಪೆಂಟೈನ್ ಸೋಕಿಸಿದ ಹತ್ತಿಕಡ್ಡಿಯಿಂದ ಎತ್ತಿಬಿಡಿ.

ಲಾಜವರ್ದದ ಬದಲು ಅಂಗಡಿಯ ಕೃತಕ ಅಲ್ಟ್ರಾಮರೀನ್ ನೀಲಿ ಹಾಕುವುದಾದರೆ ಅದರ ಕಣಗಳು ಸಣ್ಣ, ಬಣ್ಣ ತೀರ ಗಾಢ. ಕಾಲು ಪಾಲು ನುಣ್ಣನೆಯ ಗಾಜಿನ ಪುಡಿ ಬೆರೆಸಿದರೆ ಕಣ್ಣಿಗೆ ಹೊಡೆಯುವುದು ಕಡಿಮೆಯಾಗುತ್ತದೆ.

ಜರಿಬಟ್ಟೆ

ಕೆಂಪು ಲೇಕ್ ಮನೆಯಲ್ಲೇ ಮಾಡಬಹುದು. ಗ್ರಂಥಿಗೆ ಅಂಗಡಿಯ ಮಂಜಿಷ್ಠದ ಬೇರು 20 ಗ್ರಾಂ ಜಜ್ಜಿ ಒಂದು ಲೀಟರ್ ನೀರಿನಲ್ಲಿ ರಾತ್ರಿ ನೆನೆಸಿ, ಒಂದು ಗಂಟೆ 60–70 ಡಿಗ್ರಿಯಲ್ಲಿಡಿ. 70 ದಾಟಿದರೆ ಕಂದು ಬಣ್ಣವೂ ಇಳಿಯುತ್ತದೆ. ಸೋಸಿ, 10 ಗ್ರಾಂ ಪಟಿಕವನ್ನು ಬಿಸಿನೀರಿನಲ್ಲಿ ಕರಗಿಸಿ ಸೇರಿಸಿ. 4 ಗ್ರಾಂ ಪೊಟ್ಯಾಸಿಯಂ ಕಾರ್ಬೊನೇಟನ್ನು ಬೇರೆ ನೀರಿನಲ್ಲಿ ಕರಗಿಸಿ ಹನಿಹನಿಯಾಗಿ ಬಿಡಿ. ನೊರೆ ಉಕ್ಕುತ್ತದೆ, ಮೂರು ಲೀಟರಿನ ಪಾತ್ರೆ ಇರಲಿ. ಕೆಂಪು ಗಸಿ ತಳಕ್ಕೆ ಇಳಿದ ಮೇಲೆ ನೀರು ಬಗ್ಗಿಸಿ, ಹೊಸ ನೀರಿನಲ್ಲಿ ಮೂರು ಸಲ ತೊಳೆದು, ಕಾಫಿ ಫಿಲ್ಟರ್ ಕಾಗದದಲ್ಲಿ ಸೋಸಿ ನೆರಳಲ್ಲಿ ಒಣಗಿಸಿ. ಸರಿಯಾಗಿ ತೊಳೆಯದಿದ್ದರೆ ಉಪ್ಪು ಉಳಿದು ಬಣ್ಣದ ಮೇಲೆ ಬಿಳಿ ಪೊರೆ ಬರುತ್ತದೆ. ಮಂಜಿಷ್ಠದ ಜಾತಿಯದೇ ಆದ ಯುರೋಪಿನ ಮ್ಯಾಡರ್ ಬೇರಿಗಿಂತ ನಮ್ಮ ಮಂಜಿಷ್ಠದ ಕೆಂಪು ಕಿತ್ತಳೆಯತ್ತ ವಾಲುತ್ತದೆ. ತಂಪು ಕೆಂಪು ಬೇಕೆಂದರೆ ಅರಗಿನ ಬಣ್ಣ ಬೆರೆಸಿ. ಆ ಕಾಲದ ಯುರೋಪಿಗೆ ಅರಗು ಹೋಗುತ್ತಿದ್ದದ್ದೂ ನಮ್ಮ ಕಡೆಯಿಂದಲೇ, ಆದ್ದರಿಂದ ಇದು ಮೂಲಕ್ಕೆ ಮಾಡಿದ ಮೋಸವೇನಲ್ಲ.

ಲೇಕ್ ಒಣಗುವುದು ನಿಧಾನ, ವಾರ ಎರಡು ವಾರ. ಐದನೇ ಒಂದು ಪಾಲು ಬಣ್ಣವಿಲ್ಲದ ಗಾಜಿನ ಪುಡಿ ಸೇರಿಸುವುದು ಆ ಕಾಲದ ರೂಢಿ, ಹಲವು ಚಿತ್ರಗಳ ಕೆಂಪು ಪದರಗಳಲ್ಲಿ ಅದು ಸಿಕ್ಕಿದೆ.

ಜರಿಯ ಕ್ರಮದಲ್ಲೇ ಗುಟ್ಟಿದೆ. ಮೊದಲು ಇಂಗಳೀಕ ಮತ್ತು ಲೇಕ್ ಬೆರೆಸಿ ಬಟ್ಟೆಯ ಮಡಿಕೆಗಳನ್ನು ಬರೆಯಿರಿ, ಹೂಬಳ್ಳಿಯ ಯೋಚನೆ ಬೇಡ. ಒಣಗಿದ ಮೇಲೆ ಹಳದಿ ಮಣ್ಣಿನಿಂದ ವಿನ್ಯಾಸ ಹಾಕಿ, ಮಡಿಕೆ ಬಂದಲ್ಲಿ ಬಳ್ಳಿ ಮುರಿಯಬೇಕು. ಆಮೇಲೆ ಲೇಕ್ ಮತ್ತು ಚಿಟಿಕೆ ಕಪ್ಪಿನ ಗ್ಲೇಜನ್ನು ನೆರಳಿನ ಮೇಲೆ, ವಿನ್ಯಾಸವನ್ನೂ ಸೇರಿಸಿ ಹರಿಸಿ. ಬಂಗಾರ ಬಟ್ಟೆಯೊಳಕ್ಕೆ ಹೋಗುವುದು ಈಗ. ಕೊನೆಗೆ ಬೆಳಕು ಬಿದ್ದ ಕಡೆ ಮಾತ್ರ ಸೀಸ-ತವರದ ಹಳದಿಯ ಚುಕ್ಕೆಗಳು, ನೇಯ್ಗೆಯ ಎಳೆಯ ದಿಕ್ಕಿನಲ್ಲಿ. ಚುಕ್ಕೆ ಕೊಂಚ ಉಬ್ಬಿ ನಿಲ್ಲುವಷ್ಟು ಗಟ್ಟಿ ಬಣ್ಣ ಇರಲಿ, ಕುಂಚ 000, ಕಣ್ಣಿಗೆ ಗಡಿಯಾರ ರಿಪೇರಿಯವರ ಭೂತಗನ್ನಡಿ. ಬಂಗಾರದ ರೇಕು ಅಂಟಿಸಿದರೆ ಒಂದು ಕಡೆಯಿಂದ ಹೊಳೆದು ಇನ್ನೊಂದು ಕಡೆಯಿಂದ ಕಪ್ಪಾಗುತ್ತದೆ, ಚಿತ್ರದೊಳಗಿನ ಬೆಳಕಿಗೆ ಹೊಂದದು.

ಹಸಿರು, ಕಾರಂಜಿ

ಹುಲ್ಲಿಗೆ ತಾಮ್ರದ ಹಸಿರು, ಸೀಸ-ತವರದ ಹಳದಿ, ಬಿಳಿ ಬೆರೆಸಿದ ತಳ. ಮೇಲೆ ಬರಿ ತಾಮ್ರದ ಹಸಿರಿನ ಗ್ಲೇಜ್, ಅದಕ್ಕೆ ಮಾತ್ರ ಹತ್ತನೇ ಒಂದು ಪಾಲು ಪೈನ್ ರಾಳ. ಈ ಹಸಿರು ಕಾಲ ಕಳೆದಂತೆ ಮೇಲ್ಮೈಯಲ್ಲಿ ಕಂದಾಗುತ್ತದೆ. ಈಗಿನ ಕಂದನ್ನೇ ನಕಲು ಮಾಡಬೇಕೋ, ಮೊದಲಿನ ಹಸಿರನ್ನೋ ಎಂಬುದನ್ನು ಶುರುವಿಗೇ ತೀರ್ಮಾನಿಸಿ. ಅರ್ಧ ಅದು, ಅರ್ಧ ಇದು ಮಾಡಿದರೆ ಎರಡೂ ಕೆಡುತ್ತವೆ. ನಮ್ಮ ಮತ ಹಸಿರಿಗೆ.

ಹಿತ್ತಾಳೆಗೆ ನಾಲ್ಕೇ ಬಣ್ಣ: ಕಂದು ಮಣ್ಣು, ಹಳದಿ ಮಣ್ಣು, ಸೀಸ-ತವರದ ಹಳದಿ, ಬಿಳಿ. ಲೋಹ ಅನ್ನಿಸುವುದು ಬಣ್ಣದಿಂದಲ್ಲ, ಕತ್ತಲ ಪಕ್ಕದಲ್ಲೇ ಥಟ್ಟನೆ ಬೆಳಕು ಬರುವುದರಿಂದ. ಅಲ್ಲಿ ಗಡಿಗಳನ್ನು ಬೆರೆಸಬೇಡಿ. ನೀರಿನ ಎಳೆಗಳು ತೆಳು ಸೀಸದ ಬಿಳಿಯ ಒಂದೊಂದೇ ಗೀಟು. ತಪ್ಪಿದರೆ ಒರೆಸಿ ಮತ್ತೆ ಎಳೆಯಿರಿ, ತಿದ್ದಿದ ನೀರು ದಾರವಾಗಿ ಕಾಣುತ್ತದೆ.

ಮುಖ

ಮುಖಕ್ಕೆ ಎಲ್ಲಕ್ಕಿಂತ ಕಡಿಮೆ ಬಣ್ಣ. ಸೀಸದ ಬಿಳಿಗೆ ಇಂಗಳೀಕದ ಚೂರು, ಹಳದಿ ಮಣ್ಣಿನ ಚೂರು. ಬೆಳಕಿನ ಕಡೆ ಕೊಂಚ ದಪ್ಪ, ನೆರಳಿನತ್ತ ಹೋಗುತ್ತ ಬರಿ ಎಣ್ಣೆಯಷ್ಟು ತೆಳು, ಅಲ್ಲಿ ಕೆಳಗಿನ ಓರೆಗೆರೆಯೇ ನೆರಳು ಕೊಡುತ್ತದೆ. ನೆರಳಿಗೆ ಕಂದು ಬೆರೆಸಿ ಹಚ್ಚುವುದು ಪ್ರತಿಗಳಲ್ಲಿ ಕಾಣುವ ಅತಿ ಸಾಮಾನ್ಯ ತಪ್ಪು. ಮುಖ ಮಣ್ಣಿನದಾಗುತ್ತದೆ. ಒಣಗಿದ ಮೇಲೆ ಕೆನ್ನೆ, ತುಟಿ, ಕಣ್ಣಂಚಿಗೆ ಲೇಕ್‌ನ ಅತಿ ತೆಳು ಗ್ಲೇಜ್. ರೆಪ್ಪೆಯ ಗೆರೆ ಕಪ್ಪಲ್ಲ, ಲೇಕ್ ಬೆರೆತ ಕಂದು. ಒಂದು ಬಾರಿಗೆ ಸರಿ ಬರದಿದ್ದರೆ ಹಸಿಯಲ್ಲೇ ಒರೆಸಿ ತೆಗೆದು ಮರುದಿನ ಕೂರಿ. ಸರಿಯಿಲ್ಲದ ಮುಖದ ಮೇಲೆ ಇನ್ನೊಂದು ಮುಖ ಬರೆದರೆ ತಳದ ಬಿಳಿ ಶಾಶ್ವತವಾಗಿ ಹೋದಂತೆ.

ಚೌಕಟ್ಟು, ಗುರುತು, ವಾರ್ನಿಷ್

ಮೂಲದ ಚೌಕಟ್ಟು ಇನ್ನೂ ಇದೆ. ಅದರ ಮೇಲೆ ಕೊರೆದಂತೆ ಕಾಣುವ ಅಕ್ಷರಗಳು ನಿಜಕ್ಕೂ ಬಣ್ಣದವು. ವಾನ್ ಐಕ್‌ನ ಧ್ಯೇಯವಾಕ್ಯ ‘ಆಲ್ಸ್ ಇಖ್ ಖಾನ್’, ನನ್ನ ಕೈಲಾದಷ್ಟು ಎಂದು. ಜೊತೆಗೆ ಅವನ ಹೆಸರು ಮತ್ತು 1439ನೇ ಇಸವಿ. ಅಕ್ಷರ ಕೊರೆದಂತೆ ಕಾಣಲು ಪ್ರತಿ ಗೆರೆಗೂ ಬೆಳಕಿನ ಕಡೆಯ ಅಂಚಿಗೆ ಗಾಢ, ಎದುರಂಚಿಗೆ ತಿಳಿ ಬಣ್ಣ. ಬೆಳಕು ಎಡದಿಂದ ಎಂದಿಟ್ಟುಕೊಂಡರೆ ಕೊನೆಯ ಅಕ್ಷರದವರೆಗೂ ಎಡದಿಂದಲೇ. ಧ್ಯೇಯವಾಕ್ಯವನ್ನು ಬರೆಯಿರಿ, ಸಹಿಯನ್ನು ಬಿಡಿ. ಹಲಗೆಯ ಹಿಂಬದಿಯಲ್ಲಿ ‘ಪ್ರತಿ’ ಎಂದು, ನಿಮ್ಮ ಹೆಸರು ಮತ್ತು ಇಸವಿಯನ್ನು ಮರಕ್ಕೇ ಕೊರೆಯಿರಿ, ಚೀಟಿ ಅಂಟಿಸಿದರೆ ಸಾಲದು. ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂ ತನ್ನಲ್ಲಿ ಕೂತು ಪ್ರತಿ ಮಾಡುವವರಿಗೆ ಮೂಲಕ್ಕಿಂತ ಐದನೇ ಒಂದು ಪಾಲು ಬೇರೆ ಅಳತೆ ಕಡ್ಡಾಯ ಮಾಡಿದೆ. ಅಸಲಿ ಅಳತೆಯಲ್ಲಿ ಅಸಲಿ ಸಾಮಗ್ರಿಯಿಂದ ಮಾಡಿದ ಪ್ರತಿಗೆ ಈ ಕೊರೆತವೇ ಕಾವಲು.

ಹಲಗೆಯನ್ನು ಚೌಕಟ್ಟಿಗೆ ಅಂಟಿಸಬೇಡಿ, ಮೊಳೆ ಹೊಡೆಯಬೇಡಿ. ಸುತ್ತ ಒಂದೂವರೆ ಮಿ.ಮೀ. ಸಡಿಲ ಬಿಟ್ಟು ಹಿಂದಿನಿಂದ ಹಿತ್ತಾಳೆಯ ಪಟ್ಟಿಗಳನ್ನು ಚೌಕಟ್ಟಿಗೆ ಮಾತ್ರ ತಿರುಪು ಹಾಕಿ ಹಿಡಿಸಿ. ಮರ ಹಿಗ್ಗಲು ಜಾಗ ಸಿಗದಿದ್ದರೆ ಸೀಳುವುದು ಹಲಗೆ, ಚೌಕಟ್ಟಲ್ಲ.

ವಾರ್ನಿಷ್‌ಗೆ ಕನಿಷ್ಠ ಆರು ತಿಂಗಳು ಕಾಯಿರಿ, ಲೇಕ್ ದಪ್ಪಗಿದ್ದರೆ ಒಂದು ವರ್ಷ. ಅಲ್ಲಿಯವರೆಗೆ ಚಿತ್ರವನ್ನು ಕತ್ತಲ ಕಪಾಟಿನಲ್ಲಿಡಬೇಡಿ, ಅಗಸೆ ಎಣ್ಣೆ ಕತ್ತಲಲ್ಲಿ ಹಳದಿಯಾಗುತ್ತದೆ. ನೇರ ಬಿಸಿಲು ಬೀಳದ, ಬೆಳಕಿರುವ ಗೋಡೆಗೆ ಒರಗಿಸಿ, ಧೂಳು ಕೂರದಂತೆ ಮುಂದಕ್ಕೆ ಕೊಂಚ ಬಾಗಿಸಿಡಿ. ಆಮೇಲೆ ಡಾಮರ್ ಎಂಬ ಮರದ ರಾಳ ಒಂದು ಪಾಲು, ಟರ್ಪೆಂಟೈನ್ ನಾಲ್ಕು ಪಾಲು, ಒಂದೇ ತೆಳು ಕೋಟ್. ತೇವದ ದಿನ ಹಚ್ಚಿದರೆ ಮಂಜಿನ ಪೊರೆ ಬರುತ್ತದೆ, ಒಣಹವೆಯ ಮಧ್ಯಾಹ್ನ ಆರಿಸಿ. ತೂಗುಹಾಕುವಾಗ ಚೌಕಟ್ಟಿನ ಹಿಂದೆ ನಾಲ್ಕು ಮೂಲೆಗೂ ಅರ್ಧ ಸೆಂ.ಮೀ. ಕಾರ್ಕ್ ತುಂಡು ಅಂಟಿಸಿ, ಮಳೆಗಾಲದ ಗೋಡೆಯ ತೇವ ಹಲಗೆಗೆ ತಾಗದಿರಲಿ.